ಕಂಪೆನಿ ಕ್ಯಾಂಪಸ್‌ಗೆ ಬರದಿದ್ರೆ ನಾವೇ ಹೋಗುವ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಇವತ್ತು ಹೇಳದೆ ನಾನು ಇಲ್ಲಿಂದ ಹೋಗುದಿಲ್ಲ. ಈ ಕಡೆ ಯಾವ ಕಾಲೇಜಿಗೆ ಹೋದ್ರೂ ಫೈನಲ್ ಇಯರ್‌ನವರು ಕೇಳುದು ಒಂದೇ, "ಸರ್, ಸುರತ್ಕಲ್‌ಗೆ ಬರುವ ಕಂಪೆನಿ ನಮ್ಮಲ್ಲಿಗೆ ಯಾಕೆ ಬರುದಿಲ್ಲ?" ಕೇಳುವಾಗ ಮುಖ ಸಣ್ಣ ಆಗಿರ್ತದೆ, ಅದನ್ನು ನೋಡ್ಲಿಕ್ಕೆ ನನಗೆ ಆಗುದಿಲ್ಲ ಮಾರಾಯ್ರೆ.

ಯಾಕೆ ಬರುದಿಲ್ಲ ಅಂದ್ರೆ, ಅವರು ಒಂದು ದಿನ ನಾಲ್ಕು ಎಂಜಿನಿಯರ್‌ಗಳ ಕೆಲಸ ಬಿಡಿಸಿ ಕಳಿಸ್ಬೇಕು, ಸಂಜೆಯೊಳಗೆ ಹತ್ತು ಹದಿನೈದು ಜನ ಸಿಗ್ಬೇಕು. ಸುರತ್ಕಲ್‌ನ ಎನ್‌ಐಟಿಕೆ ಕಾಲೇಜಿನಲ್ಲಿ ಜೆಇಇ ಪ್ರವೇಶ ಪರೀಕ್ಷೆ ಅಂತ ಜರಡಿ ಮೊದಲೇ ಹಿಡಿದಾಗಿದೆ, ಕಂಪೆನಿಗೆ ಅಷ್ಟು ಖರ್ಚು ಉಳೀತದೆ. ಇದ್ರಲ್ಲಿ ನಿಮ್ಮ ಬುದ್ಧಿಗೆ ಯಾರೂ ಮಾರ್ಕ್ ಹಾಕಿಲ್ಲ, ನಿಮ್ಮನ್ನು ಯಾರೂ ನೋಡಿಯೇ ಇಲ್ಲ! ಹಾಗಾಗಿ ನಾನು ಹೇಳುದು, ಅವರಿಗೆ ನೋಡ್ಲಿಕ್ಕೆ ಎಂತಾದ್ರೂ ಕೊಡಿ. ನೀವೇ ಮಾಡಿದ ಕೆಲಸ, ತೆರೆದು ನೋಡ್ಬಹುದಾದ ಕೆಲಸ, ಒಂದು ಲಿಂಕ್.

ಕಾರ್ಕಳದ ಹತ್ರದ ಒಬ್ಳು ಹುಡುಗಿಯ ಕತೆ ಹೇಳ್ತೇನೆ, ಹೆಸರು ಬೇಡ, ಅವಳಿಗೆ ಸಂಕೋಚ. ಅವಳದ್ದೂ ಹೆಸರು ಕೇಳದ ಕಾಲೇಜೇ. ಕ್ಲಾಸಿನವರೆಲ್ಲ ಮೇಜರ್ ಪ್ರಾಜೆಕ್ಟ್‌ಗೆ ಫೇಸ್ ರೆಕಗ್ನಿಷನ್ ಅಟೆಂಡೆನ್ಸ್ ಅಂತ ಹೊರಟಾಗ ಇವಳು ಬಸ್ಸಿನ ಟೈಮ್ ಹಿಡ್ಕೊಂಡ್ಲು. ನಮ್ಮ ಪ್ರೈವೇಟ್ ಬಸ್ಸುಗಳದ್ದು ನಿಮಗೆ ಗೊತ್ತುಂಟಲ್ಲ, ನಿಮಿಷದ ಲೆಕ್ಕದಲ್ಲಿ ಟೈಮ್, ಎರಡು ನಿಮಿಷ ಆಚೆ ಈಚೆ ಆದ್ರೆ ಸ್ಟ್ಯಾಂಡಲ್ಲಿ ಕಂಡಕ್ಟರ್‌ಗಳ ಜಗಳ. ಆದ್ರೆ ಆ ಟೈಮೆಲ್ಲ ಒಟ್ಟಿಗೆ ಅವಳಿಗೆ ಎಲ್ಲಿಯೂ ಸಿಗ್ಲಿಲ್ಲ, ಇದ್ದದ್ದು ಟೈಮ್ ಕೀಪರ್‌ನ ಪುಸ್ತಕದಲ್ಲಿ ಮತ್ತೆ ಕಂಡಕ್ಟರ್‌ನ ತಲೆಯಲ್ಲಿ. ಇವಳು ಕಾರ್ಕಳ, ಮೂಡುಬಿದಿರೆ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್ ಅಂತ ಹೋಗಿ ಕೇಳಿ ಕೇಳಿ ನೋಟ್‌ಬುಕ್‌ನಲ್ಲಿ ಬರ್ಕೊಂಡ್ಲು. ಬರ್ಕೊಳ್ಳುದು ನೋಡಿ ಆರ್‌ಟಿಓ ಕಡೆಯವರು ಅಂತ ಗ್ರಹಿಸಿ ಒಬ್ಬ ಡ್ರೈವರ್ ಬಸ್ಸನ್ನು ಕರೆಕ್ಟ್ ಟೈಮ್‌ಗೆ ಬಿಟ್ನಂತೆ, ಪ್ಯಾಸೆಂಜರ್‌ಗಳು ಹಿಂದಿನಿಂದ ಓಡಿದ್ರಂತೆ!

ಆಮೇಲೆ ಶುರುವಾದದ್ದು ನೋಡಿ ನಿಜವಾದ ಎಂಜಿನಿಯರಿಂಗ್. ಒಬ್ಬ ಮೂಡಬಿದ್ರಿ ಅಂತಾನೆ, ಇನ್ನೊಬ್ಬ ಮೂಡುಬಿದಿರೆ, ಮತ್ತೊಬ್ಬ ಬರೀ ಬೆದ್ರ, ಮೂರೂ ಒಂದೇ ಸ್ಟಾಪ್ ಅಂತ ಡೇಟಾಬೇಸ್‌ಗೆ ಗೊತ್ತಾಗ್ಬೇಕಲ್ಲ. ಆದಿತ್ಯವಾರ ಕೆಲವು ಟ್ರಿಪ್ ಕಟ್. ಅದನ್ನು ಎಲ್ಲಿ ಹಾಕುದು? ಮೊದಲು ಬಸ್ಸಿನ ಟೇಬಲ್‌ನಲ್ಲೇ ಒಂದು ಕಾಲಂ ಮಾಡಿದ್ಲು, ಸರಿಯಾಗ್ಲಿಲ್ಲ, ಯಾಕಂದ್ರೆ ಅದೇ ಬಸ್ಸು ಬೆಳಗ್ಗಿನ ಟ್ರಿಪ್ ಓಡ್ತದೆ, ಮಧ್ಯಾಹ್ನದ್ದು ಮಾತ್ರ ಬಿಡ್ತದೆ. ಕೊನೆಗೆ ಬಸ್ ಬೇರೆ, ಟ್ರಿಪ್ ಬೇರೆ, ಟ್ರಿಪ್ ಓಡುವ ದಿನ ಬೇರೆ ಅಂತ ಮೂರು ಟೇಬಲ್ ಮಾಡಿದ್ಲು. ಒಳಗಿನ ಊರಿನವರಿಗೆ ನೆಟ್‌ವರ್ಕ್ ಸಿಗುದಿಲ್ಲ ಅಂತ ಒಮ್ಮೆ ತೆರೆದ ಪೇಜು ಫೋನಲ್ಲೇ ಉಳಿಯುವ ಹಾಗೆ ಮಾಡಿದ್ಲು.

ಬೆಂಗ್ಳೂರಿನ ಒಂದು ಪ್ರಾಡಕ್ಟ್ ಕಂಪೆನಿಗೆ ಲಿಂಕ್ ಕಳಿಸಿದ್ಲು, ಇಂಟರ್‌ವ್ಯೂ ಸಿಕ್ತು, ಅಲ್ಲಿ ಹೆಚ್ಚಿನ ಹೊತ್ತು ಮಾತಾಡಿದ್ದು ಈ ಮೂರು ಟೇಬಲ್‌ಗಳ ಬಗ್ಗೆಯೇ. ಪ್ರತಿ ಪ್ರಶ್ನೆಗೂ ಅವಳ ಹತ್ರ "ಮೊದಲು ಹೀಗೆ ಮಾಡಿದ್ದೆ, ಇಂಥ ಕಡೆ ತಪ್ಪಿತು" ಅಂತ ಹೇಳ್ಲಿಕ್ಕೆ ಉಂಟು. ಯೂಟ್ಯೂಬ್ ನೋಡಿ ಇಳಿಸಿದ ಪ್ರಾಜೆಕ್ಟ್‌ನಲ್ಲಿ ಅದೊಂದು ಇರುದಿಲ್ಲ, ಕೇಳುವವರಿಗೆ ಎರಡನೇ ಪ್ರಶ್ನೆಗೇ ಗೊತ್ತಾಗ್ತದೆ. ಕಾಲೇಜಿನ ಹೆಸರು ಬಂದದ್ದು ಕೊನೆಗೆ ಎಚ್‌ಆರ್ ಫಾರ್ಮಲ್ಲಿ. ನೋಡ್ಲಿಕ್ಕೆ ಕೊಟ್ಲು, ನೋಡಿದ್ರು.

ಇಂಥ ಕೆಲಸ ನಮ್ಮ ಊರಲ್ಲಿ ಎಷ್ಟು ಬೇಕು! ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರ್ ಅಕ್ಷರಗಳ ಪಟ್ಟಿಯಾದ ಯೂನಿಕೋಡ್ 16.0ಕ್ಕೆ ಸೇರಿತು, ಅಂದ್ರೆ ಅಕ್ಷರಗಳಿಗೆ ನಂಬರ್ ಸಿಕ್ಕಿತು, ಅಷ್ಟೇ. ಫಾಂಟು, ಕೀಬೋರ್ಡು, ಹಳೇ ತಾಳೆಗರಿಯ ಫೋಟೋದಿಂದ ಅಕ್ಷರ ಓದುವ ಓಸಿಆರ್, ಮಾಡುವವರಿಗೆ ರಾಶಿ ಕೆಲಸ ಉಂಟು. ತುಳು ವಿಕಿಪೀಡಿಯ 2016ರಿಂದ ಇದೆ, ಅದಕ್ಕೂ ಟೂಲ್ ಬರೆಯುವವರು ಬೇಕು. ತುಳು ಗೊತ್ತಿದ್ದು ಕೋಡೂ ಗೊತ್ತಿರುವವರು ಬೆಂಗ್ಳೂರಲ್ಲಿ ಸಿಗುದು ಕಷ್ಟ, ಈ ಹಾಲ್‌ನಲ್ಲಿ ಕೂತಿದ್ದೀರಿ. ರೋಬೋಸಾಫ್ಟ್ ಕಂಪೆನಿ 1996ರಲ್ಲಿ ಉಡುಪಿಯಲ್ಲೇ ಶುರುವಾಗಿ ಮ್ಯಾಕ್‌ಗೆ ಸಾಫ್ಟ್‌ವೇರ್ ಮಾಡಿದ್ದು, ಊರು ಸಣ್ಣದು ಅಂತ ಕೂತಿದ್ರೆ ಆಗ್ತಿತ್ತಾ?

ಎಲ್ಲರಿಗೂ ತೆರೆದ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಮೆಂಟರ್ ಜೊತೆ ಕೋಡ್ ಬರೆಯುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ಉಂಟು, 2022ರಿಂದ ವಿದ್ಯಾರ್ಥಿ ಅಲ್ಲದ ಹೊಸಬರಿಗೂ ಬಾಗಿಲು ತೆರೆದಿದೆ. ಅಲ್ಲಿಯೂ ಮೆಂಟರ್ ನೋಡುದು ನಿಮ್ಮ ಪ್ರಪೋಸಲ್, ಅದಕ್ಕಿಂತ ಮೊದಲು ನೀವು ಕಳಿಸಿದ ಪ್ಯಾಚ್, ಅಂದ್ರೆ ಕೋಡಿಗೆ ಮಾಡಿದ ತಿದ್ದುಪಡಿ. ಅರ್ಜಿ ಕರೆದ ಮೇಲೆ ಏಳ್ಬೇಡಿ, ಆರು ತಿಂಗಳು ಮೊದಲೇ ಒಂದು ಪ್ರಾಜೆಕ್ಟ್ ಹಿಡ್ಕೊಳ್ಳಿ, ಶುರುವಿಗೆ ಡಾಕ್ಯುಮೆಂಟೇಶನ್‌ನ ತಪ್ಪು ಸರಿ ಮಾಡಿದ್ರೂ ಸಾಕು.

ಹಾಗಂತ ಪ್ರಾಜೆಕ್ಟ್ ಇದ್ರೆ ಎಲ್ಲ ಆಯ್ತು ಅಂತ ಗ್ರಹಿಸ್ಬೇಡಿ. ಆಫ್ ಕ್ಯಾಂಪಸ್‌ನಲ್ಲಿ, ಅಂದ್ರೆ ಕಾಲೇಜಿನ ಹೊರಗೆ ನೀವೇ ಅರ್ಜಿ ಹಾಕುವಾಗ, ಹೆಚ್ಚಾಗಿ ಮೊದಲು ಆನ್‌ಲೈನ್ ಟೆಸ್ಟು, ಅದು ಲಿಂಕ್ ನೋಡುದಿಲ್ಲ. ಮೂರನೇ ಸೆಮ್‌ನಲ್ಲಿ ಡೇಟಾ ಸ್ಟ್ರಕ್ಚರ್ ಓದಿದ್ದೀರಲ್ಲ, ಅದನ್ನು ಮತ್ತೆ ತೆಗೀರಿ. ಹ್ಯಾಶ್ ಮ್ಯಾಪ್, ಟ್ರೀ, ಗ್ರಾಫ್, ದಿನಕ್ಕೆ ಒಂದೆರಡು ಪ್ರಾಬ್ಲಮ್, ಉತ್ತರ ನೋಡದೆ. ಬ್ಯಾಕ್‌ಲಾಗ್, ಅಂದ್ರೆ ಪಾಸಾಗದೆ ಉಳಿದ ಸಬ್ಜೆಕ್ಟ್, ಇದ್ದವರು ಮೊದಲು ಅದನ್ನು ಕ್ಲಿಯರ್ ಮಾಡಿ, ಎಷ್ಟೋ ಕಡೆ ಫಾರ್ಮ್ ಅಲ್ಲೇ ನಿಲ್ತದೆ.

ಮೇಡಂ ಗಡಿಯಾರ ತೋರಿಸ್ತಿದ್ದಾರೆ, ಬೇಗ ಬೇಗ ಹೇಳ್ತೇನೆ. ರೆಫರಲ್, ಅಂದ್ರೆ ಕಂಪೆನಿಯ ಒಳಗಿನವರ ಶಿಫಾರಸು, ಕೇಳುವಾಗ "ಹಾಯ್ ಸರ್, ರೆಫರಲ್ ಪ್ಲೀಸ್" ಅಂತ ಕಳಿಸ್ಬೇಡಿ, ಅವರಿಗೆ ಎಂತ ಮಾಡ್ಲಿಕ್ಕೂ ಗೊತ್ತಾಗುದಿಲ್ಲ. ಯಾವ ಕೆಲಸ, ಅದರ ಐಡಿ, ನಿಮ್ಮ ಲಿಂಕ್, ಅದ್ರಲ್ಲಿ ನೀವು ಮಾಡಿದ್ದೆಂತ, ಮೂರು ಸಾಲು ಸಾಕು. ನಿಮ್ಮದೇ ಕಾಲೇಜಿನ ಸೀನಿಯರ್‌ಗಳನ್ನು ಮೊದಲು ಹಿಡೀರಿ, ಅವರಿಗೆ ನಿಮ್ಮ ಕಷ್ಟ ಗೊತ್ತು. ರೆಸ್ಯುಮೆ ಒಂದೇ ಪೇಜು. ಕೆಲಸ ಕೊಡಿಸ್ತೇನೆ ದುಡ್ಡು ಕಟ್ಟು ಅಂದವನಿಗೆ ಒಂದು ಪೈಸೆ ಕೊಡ್ಬೇಡಿ, ಮನೆಯಲ್ಲಿ ಚಿನ್ನ ಅಡವಿಟ್ಟು ಕಟ್ಟಿದವರನ್ನು ನೋಡಿದ್ದೇನೆ, ಹೊಟ್ಟೆ ಉರೀತದೆ. ಇಂಗ್ಲಿಷಿನ ವಿಷಯ ಹೇಳ್ಬೇಕಂತಿದ್ದೆ, ಟೈಮಿಲ್ಲ, ನಿಮ್ಮ ಪ್ರಾಜೆಕ್ಟನ್ನು ಇಂಗ್ಲಿಷಲ್ಲಿ ಐದು ನಿಮಿಷ ಗಟ್ಟಿಯಾಗಿ ಹೇಳಿ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ, ಸದ್ಯಕ್ಕೆ ಅಷ್ಟು ಮಾಡಿ.

ಊಟ ಆದ ಮೇಲೆ ನಾನು ಎರಡನೇ ಮಾಳಿಗೆಯ ಲ್ಯಾಬ್‌ನಲ್ಲಿರ್ತೇನೆ, ನಾಲ್ಕು ಗಂಟೆವರೆಗೆ. ಲ್ಯಾಪ್‌ಟಾಪ್ ತಂದವರು ಪ್ರಾಜೆಕ್ಟ್ ತೆರೆದಿಟ್ಟುಕೊಂಡೇ ಬನ್ನಿ, ಅರ್ಧ ಆದದ್ದಾದ್ರೂ ಪರ್ವಾಗಿಲ್ಲ, ಒಬ್ಬೊಬ್ಬರದ್ದೂ ನೋಡುವ.