ಪುರದ ಸಗಣಿ ಮತ್ತು ಒಂದು ಜರ್ನಲ್

ಕೇಳುಗರಿಗೆಲ್ಲ ನಮಸ್ಕಾರ.

ಸುಸ್ಥಿರ ಅಭಿವೃದ್ಧಿಯ ಸಂಶೋಧನಾ ಪತ್ರಿಕೆಗಳು ಹೇಗೆ ಬದಲಾಗುತ್ತಿವೆ ಅನ್ನುವುದರ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ವಿಷಯ ಕೇಳಿ ರೇಡಿಯೋದ ಕಿವಿ ಹಿಂಡಲು ಹೊರಟವರು ಸ್ವಲ್ಪ ತಡೆಯಿರಿ. ನಾನು ಹೇಳುವುದು ಸಗಣಿಯ ಕಥೆ.

ಮೊದಲು ಜರ್ನಲ್ ಅಂದರೇನು ಎಂದು ಎರಡು ಮಾತು. ಒಬ್ಬರು ಏನೋ ಪ್ರಯೋಗ ಮಾಡಿ ಬರೆದು ಕಳಿಸುತ್ತಾರೆ. ಸಂಪಾದಕರು ಅದನ್ನು ವಿಷಯ ಬಲ್ಲ ಇನ್ನಿಬ್ಬರು ಮೂವರ ಕೈಗೆ ಕೊಡುತ್ತಾರೆ. ಜಾತ್ರೆಯಲ್ಲಿ ಎತ್ತು ಕೊಳ್ಳುವ ಮುಂಚೆ ಬಾಯಿ ಬಿಡಿಸಿ ಹಲ್ಲು ನೋಡುತ್ತೇವಲ್ಲ, ಹಾಗೆ ಅವರು ನೋಡುತ್ತಾರೆ. ಹಲ್ಲು ಸರಿಯಿದ್ದರೆ ಅಚ್ಚಾಗುತ್ತದೆ. ಅಷ್ಟೇ. ಸುಸ್ಥಿರ ಅಭಿವೃದ್ಧಿ ಅಂದರೆ? ಮೊಮ್ಮಕ್ಕಳ ಪಾಲನ್ನು ತಿಂದುಹಾಕದೆ ನಾವೂ ನೆಟ್ಟಗೆ ಬದುಕುವುದು.

ಇಂಥ ಒಂದು ಜರ್ನಲ್ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು, 1994ರಲ್ಲಿ. ಹೆಸರು 'ಎನರ್ಜಿ ಫಾರ್ ಸಸ್ಟೈನಬಲ್ ಡೆವಲಪ್‌ಮೆಂಟ್'. ಅದರ ಹಿಂದೆ ಇದ್ದವರು ಪ್ರೊಫೆಸರ್ ಅಮೂಲ್ಯ ರೆಡ್ಡಿ. ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರಲ್ಲ, ಅದೇ ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿ ರಸಾಯನಶಾಸ್ತ್ರದವರು. 1974ರಲ್ಲಿ ಅಲ್ಲೇ 'ಅಸ್ತ್ರ' ಎಂಬ ಕೇಂದ್ರ ಶುರು ಮಾಡಿ ಹಳ್ಳಿಗಳ ಕಡೆ ತಿರುಗಿದರು. ಹೊಗೆ ಕೊಳವೆ ಇದ್ದ ಅಸ್ತ್ರ ಒಲೆ ನಿಮ್ಮಲ್ಲಿ ಕೆಲವರ ಅಡುಗೆಮನೆಯಲ್ಲೂ ಇದ್ದಿರಬೇಕು.

ಈಗ ಕಥೆಗೆ ಬರೋಣ. ತುಮಕೂರು ಜಿಲ್ಲೆ, ಕುಣಿಗಲ್ ತಾಲ್ಲೂಕು, ಪುರ ಎಂಬ ಹಳ್ಳಿ. ಆಗ ನೂರು ಮನೆಯೂ ಇಲ್ಲದ ಊರು. ಅಸ್ತ್ರದವರು ಹೋಗಿ ಲೆಕ್ಕ ಹಾಕಿದರು: ಇಷ್ಟು ದನ, ಇಷ್ಟು ಸಗಣಿ, ಇಷ್ಟು ಗೋಬರ್ ಗ್ಯಾಸ್, ಎಲ್ಲರ ಮನೆಗೂ ಅಡುಗೆಗೆ ಸಾಕು. ಕಾಗದದ ಮೇಲೆ ಲೆಕ್ಕ ಚೆನ್ನಾಗೇ ಇತ್ತು. ಸ್ಥಾವರ ಕಟ್ಟಿದರು. ಆದರೆ ಊರಿಗೆಲ್ಲ ಅಡುಗೆ ಮಾಡುವಷ್ಟು ಸಗಣಿ ಬರಲಿಲ್ಲ!

ಇಷ್ಟು ದೊಡ್ಡ ವಿಜ್ಞಾನಿಗಳ ಲೆಕ್ಕ ಸಗಣಿಯಲ್ಲಿ ತಪ್ಪಿತು ನೋಡಿ. ನಾನು ಇದನ್ನು ನನ್ನ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇನೋ. ಅವರು ನಗುತ್ತಾರೆ. ನಗಲಿ, ಆದರೆ ಮುಂದಿನದನ್ನು ಕೇಳಲಿ. ಊರಿನವರಿಗೆ ಅಡುಗೆ ಅನಿಲದ ಆಸೆ ಅಷ್ಟಾಗಿ ಇರಲೇ ಇಲ್ಲ. ಸೌದೆ ದುಡ್ಡಿಲ್ಲದೆ ಸಿಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. ಅದನ್ನು ಮೊದಲೇ ಕೇಳಬಹುದಿತ್ತು, ಅಲ್ವಾ?

ಆಮೇಲೆ ದಾರಿ ಬದಲಾಯಿಸಿದರು. 1987ರಲ್ಲಿ ಅದೇ ಗ್ಯಾಸಿನಿಂದ, ಜೊತೆಗೆ ಸ್ವಲ್ಪ ಡೀಸೆಲ್ ಹಾಕಿ, ಎಂಜಿನ್ ಓಡಿಸಿದರು. ಎಂಜಿನ್ನಿನಿಂದ ಕರೆಂಟು, ಕರೆಂಟಿನಿಂದ ಬೋರ್‌ವೆಲ್ ಪಂಪು, ಸಂಜೆ ಮನೆಗಳಿಗೆ ದೀಪ. ಬೆಳಿಗ್ಗೆ ಹೆಂಗಸರು, ಮಕ್ಕಳು ಸಗಣಿ ಹೊತ್ತು ತರುತ್ತಿದ್ದರು. ಅದನ್ನು ತೂಗಿ, ಬರೆದುಕೊಂಡು, ತಂದವರಿಗೆ ಕಿಲೋಗೆ 2 ಪೈಸೆ ಕೂಲಿ. ಗ್ಯಾಸು ಬಿಟ್ಟ ಮೇಲೆ ಉಳಿದ ಬಗ್ಗಡ ಕೊಟ್ಟವರಿಗೇ ವಾಪಸ್ಸು, ಗೊಬ್ಬರಕ್ಕೆ. ಸ್ಥಾವರ ನೋಡಿಕೊಂಡವರು ಊರಿನ ಹುಡುಗರೇ. ಇದರಲ್ಲಿ ಒಂದು ಜಾಣತನ ಇದೆ. ಸಗಣಿ ಕಡಿಮೆಯಾದರೆ ನಲ್ಲಿಯೂ ದೀಪವೂ ಎಲ್ಲರಿಗೂ ನಿಲ್ಲುತ್ತವೆ. ಹಾಗಾಗಿ ನನಗೆ ಬೇಕು ಅಂದರೂ ಊರಿಗೆ ಬೇಕು ಅಂದರೂ ಒಂದೇ ಆಯಿತು.

ಎಷ್ಟೋ ವರ್ಷ ಚೆನ್ನಾಗಿ ನಡೆದು, ಕೊನೆಗೆ ಅದೂ ನಿಂತಿತು. ನಾನು ಹೇಳಬೇಕಾದ ಮಾತು ಇಲ್ಲಿದೆ. 2004ರಲ್ಲಿ, ತಾವು ತೀರಿಕೊಳ್ಳುವ ಎರಡು ವರ್ಷ ಮುಂಚೆ, ರೆಡ್ಡಿಯವರು ಪುರದಿಂದ ಕಲಿತ ಪಾಠಗಳನ್ನು ಇದೇ ಜರ್ನಲ್‌ನಲ್ಲಿ ತಾವೇ ಬರೆದರು. ಜರ್ನಲ್ ಇರಬೇಕಾದ್ದು ಇದಕ್ಕೆ. ಗೆದ್ದದ್ದನ್ನು ಬರೆಯಲು ಎಲ್ಲರೂ ಮುಂದೆ. ಸೋತದ್ದನ್ನು ಬರೆಯಿರಿ, ಸ್ವಾಮಿ. ಸೋತದ್ದು ಅಚ್ಚಾಗದಿದ್ದರೆ ಇನ್ನೊಂದು ಊರಿನಲ್ಲಿ ಇನ್ನೊಬ್ಬರು ಅದೇ ಸಗಣಿಯ ಲೆಕ್ಕ ಮತ್ತೆ ತಪ್ಪಿಸುತ್ತಾರೆ, ಮತ್ತೆ ದುಡ್ಡು ಹೋಗುತ್ತದೆ.

ನನ್ನ ಬಳಿ ಪರಿಶೀಲನೆಗೆ ಬರುವ ಬರಹಗಳನ್ನು ನೋಡಿದರೆ ಬೇಜಾರಾಗುತ್ತದೆ. ಎಲ್ಲ ಸೋಲಾರ್ ಪಂಪೂ ಓಡುತ್ತದೆ, ಎಲ್ಲ ಒಲೆಯೂ ಉರಿಯುತ್ತದೆ. ಹಳ್ಳಿಗೆ ಹೋದರೆ ಒಲೆಯ ಮೇಲೆ ಈರುಳ್ಳಿ ಬುಟ್ಟಿ ಇರುತ್ತದೆ.

ಕಥೆಯೇ ಜಾಸ್ತಿಯಾಯಿತು, ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2009ರಿಂದ ಈ ಜರ್ನಲ್ ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶನದ ಕೈಯಲ್ಲಿದೆ. ಲೋಕವೆಲ್ಲ ಓದುತ್ತದೆ, ಒಳ್ಳೆಯದೇ. ಆದರೆ ಚಂದಾ ಇಲ್ಲದವರಿಗೆ ಬಹಳಷ್ಟು ಲೇಖನಗಳ ಬಾಗಿಲು ಮುಚ್ಚಿದೆ. ಎಲ್ಲರಿಗೂ ತೆರೆದಿಡಬೇಕು ಅಂದರೆ ಬರೆದವರೇ ದುಡ್ಡು ಕಟ್ಟಬೇಕು. 2025ರಿಂದ ಕೇಂದ್ರ ಸರ್ಕಾರ 'ಒಂದು ದೇಶ ಒಂದು ಚಂದಾ' ಯೋಜನೆ ತಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಜರ್ನಲ್. ಸರ್ಕಾರಿ ವಿಶ್ವವಿದ್ಯಾಲಯದ ಮಕ್ಕಳಿಗೆ ಬಾಗಿಲು ತೆರೆಯಿತು. ಸಗಣಿ ಹೊತ್ತ ಊರಿಗೆ ಇನ್ನೂ ಇಲ್ಲ. ಪ್ರತಿ ಲೇಖನದ ಜೊತೆ ಆ ಊರಿನ ಭಾಷೆಯಲ್ಲಿ ಒಂದು ಪುಟ ಇರಲಿ ಎಂದು ನಾನು ಸಂಪಾದಕರನ್ನು ಕೇಳುತ್ತಲೇ ಇರುತ್ತೇನೆ. ನೋಡೋಣ ಅನ್ನುತ್ತಾರೆ.

ನಿಮ್ಮ ಹಿತ್ತಲಲ್ಲಿ ನಿಂತುಹೋದ ಗೋಬರ್ ಗ್ಯಾಸ್ ಗುಂಡಿ ಇದೆಯಾ? ಅದು ಯಾವ ವರ್ಷ ನಿಂತಿತು, ಯಾಕೆ ನಿಂತಿತು, ಒಂದು ಚೀಟಿಯಲ್ಲಿ ಬರೆದಿಡಿ. ಪ್ರಶ್ನೆಪಟ್ಟಿ ಹಿಡಿದು ಯಾರಾದರೂ ಕಾಲೇಜಿನ ಹುಡುಗ ಹುಡುಗಿ ಬಂದರೆ ಕಾಫಿಯ ಜೊತೆ ಅದನ್ನೂ ಕೊಡಿ. ಚೆನ್ನಾಗಿ ನಡೆಯುತ್ತಿದೆ ಎಂದು ಮಾತ್ರ ದಾಕ್ಷಿಣ್ಯಕ್ಕೆ ಹೇಳಬೇಡಿ.

ನಮಸ್ಕಾರ.