ಕೈ ಬದಲಿಸಬೇಡಿ, ಹಿಡಿತ ಬದಲಿಸಿ

ಕೇಳುಗರಿಗೆ ನಮಸ್ಕಾರ. ಸಂಜೆ ಹಾಲು ಕರೆದು, ಡೇರಿಗೆ ಹಾಕಿ, ಈಗಷ್ಟೇ ಕೂತಿರೋ ಕೋಲಾರ, ಚಿಕ್ಕಬಳ್ಳಾಪುರದ ಅಕ್ಕ-ಅಣ್ಣಂದಿರ ಹತ್ತಿರ ಇವತ್ತಿನ ಮಾತು. ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗತ್ತೆ, ಕೈ ಒದರಿದರೆ ಸರಿಹೋಗತ್ತೆ, ಹೌದಾ? ಬೆಳಿಗ್ಗೆ ಚೊಂಬು ಎತ್ತಿದರೆ ಹೆಬ್ಬೆರಳ ಬುಡದಲ್ಲಿ ಚಳುಕು. ವಾಯು ಅಂತ ಎಣ್ಣೆ ತಿಕ್ಕಿ ಸುಮ್ಮನಾಗ್ತೀರಿ. ಎಣ್ಣೆ ಚರ್ಮ ದಾಟಿ ಅಲ್ಲಿಗೆ ಹೋಗಲ್ಲ ಕಣ್ರೀ.

ಬೆರಳು ಮಡಚೋ ಮಾಂಸಖಂಡ ಇರೋದು ಮುಂಗೈಯಲ್ಲಿ. ಅಲ್ಲಿಂದ 9 ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನ ಮೂಳೆಗೆ ಕಟ್ಟೋ ಹಗ್ಗದಂಥವು, ಜೊತೆಗೆ 1 ನರ, ಮಣಿಕಟ್ಟಿನ ಇಕ್ಕಟ್ಟು ಓಣಿಯಲ್ಲಿ ತೂರಿ ಅಂಗೈಗೆ ಬರ್ತವೆ. ಓಣಿಗೆ ಮೂರು ಕಡೆ ಮೂಳೆ, ಮೇಲೆ ಗಟ್ಟಿ ಪಟ್ಟಿ. ಮಣಿಕಟ್ಟು ಬಗ್ಗಿಸಿಕೊಂಡು, ಬಿಡುವಿಲ್ಲದೆ ಒತ್ತಿ ಹಿಡಿದರೆ ರಜ್ಜುಗಳ ಪೊರೆ ದಪ್ಪ ಆಗತ್ತೆ, ನರ ನಜ್ಜಾಗತ್ತೆ. ಇದೇ ಕಾರ್ಪಲ್ ಟನಲ್ ಅನ್ನೋ ತೊಂದರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡೀತವೆ. ಕಿರುಬೆರಳಿಗೆ ಬೇರೆ ನರ, ಅದು ಆರಾಮಾಗಿರತ್ತೆ.

ನನಗೆ ಬಹಳ ಇಷ್ಟವಾದ ಒಂದು ಕಥೆ ಇದೆ, ಹೇಳಲೇಬೇಕು. ಇಟಲಿಯಲ್ಲಿ ಬರ್ನಾರ್ಡಿನೋ ರಾಮಾಜಿನಿ ಅಂತ ವೈದ್ಯ. ರೋಗಿ ಬಂದರೆ "ನಿನ್ನ ಕಸುಬೇನು?" ಅಂತ ಕೇಳಲೇಬೇಕು ಅಂದವನು. 1713ರಲ್ಲಿ ಬರವಣಿಗೆಯವರ ಕೈನೋವಿನ ಬಗ್ಗೆ ಬರೆದ. ಅವನಿಗೆ ಪರಿಚಯದ ಒಬ್ಬ ನೋಟರಿ, ದಿನವಿಡೀ ಪತ್ರ ಬರೆಯೋನು. ಮೊದಲು ತೋಳೆಲ್ಲ ದಣಿವು. ಯಾವ ಮದ್ದೂ ನಾಟಲಿಲ್ಲ. ಕೊನೆಗೆ ಬಲಗೈ ಪೂರ್ತಿ ಬಿದ್ದೇಹೋಯ್ತು. ಆಸಾಮಿ ಬಿಡಲಿಲ್ಲ, ಎಡಗೈಯಲ್ಲಿ ಬರೆಯೋಕೆ ಕಲಿತ. ಸ್ವಲ್ಪ ದಿನಕ್ಕೆ ಅದಕ್ಕೂ ಅದೇ ಗತಿ! ಕೈ ಬದಲಾಯ್ತು, ಅದೇ ಲೇಖನಿ, ಅದೇ ಹಿಡಿತ, ಬಿಡುವಿಲ್ಲದ ಅದೇ ಕೆಲಸ ಹಾಗೇ ಉಳೀತು. ಅದಕ್ಕೇ ಹೇಳೋದು, ಕೈ ಬದಲಿಸಬೇಡಿ, ಹಿಡಿತ ಬದಲಿಸಿ.

ಹಾಲು ಕರೆಯೋದನ್ನೇ ನೋಡಿ. ಹೆಬ್ಬೆರಳು ಒಳಕ್ಕೆ ಮಡಚಿ, ಗೆಣ್ಣಿನಿಂದ ಮೊಲೆ ಒತ್ತಿ ಎಳೀತೀರಲ್ಲ, ಅದು ನಿಮಗೂ ಕೆಟ್ಟದ್ದು, ಹಸುವಿಗೂ ಕೆಟ್ಟದ್ದು. ಹೆಬ್ಬೆರಳು, ತೋರುಬೆರಳಿನಿಂದ ಮೊಲೆಯ ಬುಡಕ್ಕೆ ಉಂಗುರ ಹಾಕಿ. ಆಮೇಲೆ ನಡುಬೆರಳು, ಉಂಗುರಬೆರಳು, ಕಿರುಬೆರಳು ಒಂದಾದ ಮೇಲೊಂದು ಮುಚ್ಚಿ. ಎಳೀಬೇಡಿ, ಹಿಂಡಿ. ಮಣಿಕಟ್ಟು ನೇರ ಇರಲಿ. ಬಗ್ಗುತ್ತಿದ್ದರೆ ಕೂರೋ ಮಣೆಯ ಎತ್ತರ ಬದಲಿಸಿ. ಕೆಚ್ಚಲನ್ನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿ, ತಡ ಮಾಡದೆ ಕೂತರೆ ಹಸು ಸೊರೆ ಬಿಡತ್ತೆ, ಅರ್ಧ ಬಲ ಸಾಕು. ಒಂದು ಹಸು ಆದಮೇಲೆ ಬೆರಳು ಅಗಲಿಸಿ ಅರ್ಧ ನಿಮಿಷ ಬಿಡಿ.

ಸ್ಟುಡಿಯೋ ಗಾಜಿನ ಆಚೆಯಿಂದ ಆಗಲೇ ಸಮಯ ಆಯ್ತು ಅಂತ ಕೈ ಸನ್ನೆ ಮಾಡ್ತಿದ್ದಾರೆ. ಹುಣಸೆಹಣ್ಣು ಜಜ್ಜೋರು ಸುತ್ತಿಗೆಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಶಿಡ್ಲಘಟ್ಟದಲ್ಲಿ ನೂಲು ತೆಗೆಯೋರು, ಫೋನ್ ತಿಕ್ಕೋ ಹುಡುಗರು, ನಿಮಗೂ ಅದೇ ಮಾತು: ಹಿಡಿತ ಬದಲಿಸಿ.

ಪರೀಕ್ಷೆ ಬೇಗ ಹೇಳಿಬಿಡ್ತೀನಿ. ಎರಡೂ ಕೈಯ ಹಿಂಬದಿ ಸೇರಿಸಿ, ಬೆರಳು ಕೆಳಗೆ ಮಾಡಿ, 1 ನಿಮಿಷ ಹಿಡೀರಿ. ಜೋಮು ಬಂದರೆ ನರದ ತೊಂದರೆ. ಹೆಬ್ಬೆರಳು ಮುಷ್ಟಿಯೊಳಗೆ ಇಟ್ಟು ಮಣಿಕಟ್ಟನ್ನ ಕಿರುಬೆರಳ ಕಡೆ ಮೆಲ್ಲಗೆ ಬಗ್ಗಿಸಿದಾಗ ಹೆಬ್ಬೆರಳ ಬುಡದಲ್ಲಿ ಚುಚ್ಚಿದರೆ, ಅದು ಹೆಬ್ಬೆರಳ ರಜ್ಜುವಿನ ತೊಂದರೆ. ಜೋಮಿನವರು ಔಷಧಿ ಅಂಗಡಿಯಲ್ಲಿ ಮಣಿಕಟ್ಟಿನ ಸ್ಪ್ಲಿಂಟ್, ಅಂದರೆ ಮಣಿಕಟ್ಟು ಬಗ್ಗದ ಹಾಗೆ ಹಿಡಿಯೋ ಪಟ್ಟಿ, ತಗೊಂಡು ರಾತ್ರಿ ಕಟ್ಟಿ ಮಲಗಿ, ಮಣಿಕಟ್ಟು ನೇರ ನಿಲ್ಲೋ ಹಾಗೆ, 6 ವಾರ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ, ಅವೂ ಇದನ್ನ ತರ್ತವೆ. ಹೆಬ್ಬೆರಳ ಬುಡದ ಮಾಂಸ ಕರಗಿ ತಗ್ಗು ಬಿದ್ದಿದ್ದರೆ ಸ್ಪ್ಲಿಂಟ್ ಕಾಲ ಮುಗಿದಿದೆ, ಈ ವಾರವೇ ಮೂಳೆ ಡಾಕ್ಟರ ಹತ್ತಿರ ಹೋಗಿ. ಅವರು ಕೇಳದಿದ್ದರೂ, ದಿನಕ್ಕೆ ಎಷ್ಟು ಹಸು ಕರೀತೀರಿ, ಹೇಗೆ ಕರೀತೀರಿ ಅಂತ ಮೊದಲು ಹೇಳಿ. ನಮಸ್ಕಾರ.