ಓದಿದವರು ಯಾರು, ಓದು ಮುಗಿಸಿದವರು ಯಾರು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆ ಶುರುವಾದದ್ದು 1865ರಲ್ಲಿ. ಅಲ್ಲಿ ಓದಿದ ಹೆಸರಾಂತರು ಯಾರು ಎಂದರೆ ಜನರಲ್ ತಿಮ್ಮಯ್ಯ, ರಾಜಾ ರಾಮಣ್ಣ, ನಂದನ್ ನಿಲೇಕಣಿ ಎಂದು ಥಟ್ಟನೆ ಉತ್ತರ ಬರುತ್ತದೆ. ಉತ್ತರ ಸರಿಯೇ. ಆದರೆ ಓದಿದವರು ಬೇರೆ, ಓದು ಮುಗಿಸಿದವರು ಬೇರೆ. ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುವವರು ಎಡವುವುದು ಇಲ್ಲೇ.

ತಿಮ್ಮಯ್ಯನವರನ್ನೇ ನೋಡಿ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು ಮೊದಲು ಓದಿದ್ದು ಕೂನೂರಿನಲ್ಲಿ. ಆಮೇಲೆ ಬೆಂಗಳೂರಿನ ಈ ಶಾಲೆ, ಅಲ್ಲಿಂದ ಡೆಹರಾಡೂನಿನ ಸೈನಿಕ ಶಾಲೆ, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿ ಲಾ ಕಣಿವೆಮಾರ್ಗಕ್ಕೆ ಟ್ಯಾಂಕ್ ಹತ್ತಿಸಿದ ಸೇನಾನಿ ನಮ್ಮ ಹುಡುಗ ಎಂದು ಹೇಳಿಕೊಳ್ಳಲು ಕೂನೂರಿಗೂ ಹಕ್ಕಿದೆ, ಡೆಹರಾಡೂನಿಗೂ ಇದೆ. ನಿಲೇಕಣಿಯವರದೂ ಅದೇ ಕಥೆ: ಆರಂಭ ಬೆಂಗಳೂರಿನಲ್ಲಿ, ಮುಂದಿನ ಓದು ಧಾರವಾಡದಲ್ಲಿ.

ಅಷ್ಟಾಗಿ ಯಾರೂ ನೆನೆಯದ ಇನ್ನೊಬ್ಬ ಹುಡುಗನಿದ್ದಾನೆ, ವಿಲಿಯಂ ಲೀಫ್ ರಾಬಿನ್ಸನ್. 1895ರಲ್ಲಿ ಕೊಡಗಿನ ಪಾಲಿಬೆಟ್ಟದ ಕಾಫಿ ತೋಟದಲ್ಲಿ ಹುಟ್ಟಿ, ಈ ಶಾಲೆಯಲ್ಲಿ ಓದಿ, 1909ರಲ್ಲಿ ಇಂಗ್ಲೆಂಡಿನ ಸೇಂಟ್ ಬೀಸ್ ಶಾಲೆ ಸೇರಿದವನು. 1916ರ ಸೆಪ್ಟೆಂಬರ್ 2ರ ರಾತ್ರಿ ಕಳೆದು 3ರ ನಸುಕಿಗೆ ಮುಂಚೆ, ಲಂಡನ್ನಿನ ಉತ್ತರಕ್ಕೆ ಜರ್ಮನರ, ಹೈಡ್ರೋಜನ್ ಚೀಲಗಳಿಂದ ತೇಲುವ ಎಸ್‌ಎಲ್ 11 ವಾಯುನೌಕೆಯನ್ನು ಬಿ.ಇ. 2ಸಿ ವಿಮಾನದಿಂದ ಉರುಳಿಸಿದ. ಮೊದಲೆರಡು ಡ್ರಮ್ (ಮೆಷಿನ್ ಗನ್ನಿನ ದುಂಡು ಡಬ್ಬಿ) ಗುಂಡುಗಳನ್ನು ನೌಕೆಯ ಉದ್ದಕ್ಕೂ ಹಾರಿಸಿದ, ಏನೂ ಆಗಲಿಲ್ಲ. ಚೀಲದೊಳಗಿನ ಹೈಡ್ರೋಜನ್ ಗಾಳಿ ಬೆರೆಯದೆ ಹೊತ್ತಿಕೊಳ್ಳುವುದಿಲ್ಲ, ಅಲ್ಲೊಂದು ಇಲ್ಲೊಂದು ತೂತಿನಿಂದ ಆಗುವ ಸೋರಿಕೆ ಸಾಲದು. ಮೂರನೆಯ ಡ್ರಮ್ಮನ್ನು ಪೂರ್ತಿ ಹಿಂಭಾಗದ ಒಂದೇ ಜಾಗಕ್ಕೆ ಖಾಲಿ ಮಾಡಿದ. ಸಿಡಿಯುವ ಗುಂಡು ಚೀಲ ಹರಿದು ಅನಿಲವನ್ನು ಗಾಳಿಗೆ ಬಿಟ್ಟಿತು, ಬೆಂಕಿಗುಂಡು ಕಿಡಿ ಹಚ್ಚಿತು. ಬ್ರಿಟನ್ನಿನ ನೆಲದ ಮೇಲೆ ಉರುಳಿದ ಮೊದಲ ಜರ್ಮನ್ ವಾಯುನೌಕೆ ಅದು. ಕೆಲವೇ ದಿನಗಳಲ್ಲಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. 1918ರ ಡಿಸೆಂಬರ್ 31ರಂದು ಇನ್‌ಫ್ಲುಯೆಂಜಾದಿಂದ ತೀರಿಕೊಂಡ, ವಯಸ್ಸು ಇನ್ನೂ 23. ಅಂದ ಹಾಗೆ ಎಸ್‌ಎಲ್ 11ನ್ನು ಜೆಪ್ಪೆಲಿನ್ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಜೆಪ್ಪೆಲಿನ್ ಬೇರೆ ಕಂಪನಿಯದು, ಇದು ಷುಟ್ಟೆ-ಲಾಂಜ್ ಕಂಪನಿಯ ಮರದ ಚೌಕಟ್ಟಿನ ನೌಕೆ.

ಹಾಗಾದರೆ ದಾಖಲೆ ಹೇಗಿರಬೇಕು? ಒಬ್ಬರಿಗೆ ಒಂದು ಸಾಲು ಸಾಕು: ಸೇರಿದ ವರ್ಷ, ಸೇರಿದ ತರಗತಿ, ಬಿಟ್ಟ ವರ್ಷ, ಮುಂದೆ ಸೇರಿದ ಶಾಲೆ. ಆ ಮುಂದಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ 'ಎಲ್ಲಿಂದ ಬಂದವರು' ಎಂಬುದನ್ನೂ ನೋಡಿ ತಾಳೆ ಹಾಕಬೇಕು. ಇಂಗ್ಲಿಷ್ ರಿಜಿಸ್ಟರಿನಲ್ಲಿ ಹುಡುಕುವಾಗ ಕೊಡವ ಹೆಸರು ಕೈಕೊಡುತ್ತದೆ. ಕೊಡಂದೇರ ಎಂಬ ಮನೆತನದ ಹೆಸರು ಮೊದಲು, ತಂದೆಯ ಹೆಸರು ಸುಬ್ಬಯ್ಯ ನಡುವೆ, ತನ್ನ ಹೆಸರು ತಿಮ್ಮಯ್ಯ ಕೊನೆಗೆ. ಹಾಗಾಗಿ ಕೆ, ಎಸ್, ಟಿ ಮೂರೂ ಅಕ್ಷರ ತಿರುವಿ ಹಾಕಬೇಕು. ಲೀಫ್ ರಾಬಿನ್ಸನ್ ಎಲ್‌ನಲ್ಲೂ ಇರಬಹುದು, ಆರ್‌ನಲ್ಲೂ ಇರಬಹುದು. ಹೆಸರು ಸಿಕ್ಕಿತೆಂದು ಕೂಡಲೇ ಬರೆದುಕೊಳ್ಳಬೇಡಿ, ಹುಟ್ಟಿದ ತಾರೀಖು ಹೊಂದಬೇಕು. ಒಂದೇ ಹೆಸರಿನವರು ಇಬ್ಬರು ಮೂವರು ಇರುವುದು ನಮ್ಮಲ್ಲಿ ಮಾಮೂಲು.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಶಾಲೆಯ ಹೆಸರಿನಲ್ಲೇ ಇದೆ. ಶಿಮ್ಲಾದಲ್ಲೂ ಬಿಷಪ್ ಕಾಟನ್ ಶಾಲೆ ಇದೆ, ಆರಂಭ 1859. ಲೇಖಕ ರಸ್ಕಿನ್ ಬಾಂಡ್ ಓದಿದ್ದು ಅಲ್ಲಿ. ಊರು ನೋಡದೆ ಅವರನ್ನು ಬೆಂಗಳೂರಿಗೆ ಎಳೆದು ತಂದರೆ, ಅದೇ ಲೆಕ್ಕದಲ್ಲಿ ಜಲಿಯನ್‌ವಾಲಾ ಬಾಗಿನ ಡಯರ್ ಕೂಡ ಬಂದು ಪಕ್ಕದಲ್ಲಿ ಕೂರುತ್ತಾನೆ. ಅವನು ಓದಿದ್ದೂ ಶಿಮ್ಲಾದ ಶಾಲೆಯಲ್ಲೇ.

ರಾಮಣ್ಣನವರ ವಿಷಯದಲ್ಲಿ ಬೇರೆ ಎಚ್ಚರ ಬೇಕು. 1925ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ಈ ವಿಜ್ಞಾನಿ, ಪಿಯಾನೋ ವಾದಕ, ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲೂ ಓದಿದವರು. ಶಾಲೆ ಯಾವುದು, ಕಾಲೇಜು ಯಾವುದು ಎಂದು ಬಿಡಿಸಿ ಬರೆಯದಿದ್ದರೆ ಎರಡೂ ಕಲಸಿಹೋಗುತ್ತವೆ. ಇನ್ನು ಜಿ.ಯು. ಪೋಪ್. ತಿರುಕ್ಕುರಳನ್ನು 1886ರಲ್ಲಿ ಇಂಗ್ಲಿಷಿಗೆ ತಂದ ಈ ವಿದ್ವಾಂಸರ ಹೆಸರೂ ಶಾಲೆಯ ಹಳೆಯ ಕಾಗದಗಳಲ್ಲಿ ಸಿಗುತ್ತದೆ. ಅವರನ್ನು ವಿದ್ಯಾರ್ಥಿಗಳ ಸಾಲಿಗೆ ಸೇರಿಸುವಂತಿಲ್ಲ, ಅವರು ಅಲ್ಲಿನ ಮುಖ್ಯಸ್ಥರಾಗಿದ್ದವರು.

ನಮಸ್ಕಾರ.